ಸೃಜನಶೀಲ ಬರವಣಿಗೆಯ ಸರ್ಟಿಫಿಕೇಟ್: ನನ್ನ ಲೆಕ್ಕದಲ್ಲಿ 20 ಕ್ರೆಡಿಟ್, ದಾಖಲೆಯಲ್ಲಿ 14

ತೀರ್ಥಹಳ್ಳಿಯ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದೇನೆ. 2023ರ ಜುಲೈಯಲ್ಲಿ ದೂರಶಿಕ್ಷಣದ ಮೂಲಕ ಸೃಜನಶೀಲ ಬರವಣಿಗೆಯ ಸರ್ಟಿಫಿಕೇಟ್ ಕೋರ್ಸಿಗೆ ಸೇರಿದೆ. ಒಟ್ಟು 20 ಕ್ರೆಡಿಟ್ ಗಳಿಸಬೇಕು, ಅದಕ್ಕೆ ಗರಿಷ್ಠ 3 ವರ್ಷಗಳ ಅವಕಾಶವಿದೆ. ಶಾಲೆಯ ಕೆಲಸ ಮತ್ತು ಅತ್ತೆಯವರ ಆರೈಕೆ ಮುಗಿಸಿ ರಾತ್ರಿ ಒಂಬತ್ತರ ನಂತರ ಕುಳಿತು ಓದಿ ಬರೆದಿದ್ದೇನೆ. ಮಳೆಗಾಲದಲ್ಲಿ ಕರೆಂಟು ಹೋದ ಎಷ್ಟೋ ರಾತ್ರಿ ಚಾರ್ಜರ್ ಲೈಟಿನ ಬೆಳಕಿನಲ್ಲೇ ಅಸೈನ್‌ಮೆಂಟ್ ಪೂರೈಸಿದ್ದೇನೆ.

ನನ್ನ ಲೆಕ್ಕ ಹೀಗಿದೆ. ಬರವಣಿಗೆಯ ಮೂಲತತ್ತ್ವಗಳು 4, ಸಣ್ಣಕಥೆ 4, ಕಾವ್ಯರಚನೆ 4, ಆಕಾಶವಾಣಿಗಾಗಿ ಬರವಣಿಗೆ 4, ಮಕ್ಕಳ ಸಾಹಿತ್ಯ 2. ಇವುಗಳ ಜೊತೆಗೆ ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ತಾಣವಾದ ಸ್ವಯಂ ಪೋರ್ಟಲಿನಲ್ಲಿ ಅನುವಾದದ ಬಗ್ಗೆ 2 ಕ್ರೆಡಿಟ್‌ನ ಒಂದು ಕೋರ್ಸ್ ಮುಗಿಸಿ ಪರೀಕ್ಷೆಯನ್ನೂ ಬರೆದು ತೇರ್ಗಡೆಯಾಗಿದ್ದೇನೆ. ಎಲ್ಲ ಸೇರಿ 20 ಆಯಿತೆಂದು ನೆಮ್ಮದಿಯಿಂದಿದ್ದೆ. ಕಳೆದ ವಾರ ಸರ್ಟಿಫಿಕೇಟಿಗೆ ಅರ್ಜಿ ಹಾಕಲು ಹೋದಾಗ ನನ್ನ ಹೆಸರಿನ ಮುಂದೆ 14 ಕ್ರೆಡಿಟ್ ಮಾತ್ರ ಇರುವುದು ಕಂಡಿತು. ಆಕಾಶವಾಣಿಯ ಪತ್ರಿಕೆಯ ಮುಂದೆ 'ಅಪೂರ್ಣ' ಎಂದಿದೆ, ಅನುವಾದದ ಕೋರ್ಸಿನ ಹೆಸರೇ ಇಲ್ಲ. ಬರುವ ಜೂನ್ ತಿಂಗಳಿಗೆ ನನ್ನ ಮೂರು ವರ್ಷ ತುಂಬುತ್ತದೆ. ಪರೀಕ್ಷೆ ಪಾಸಾದ ಮೇಲೂ ಕ್ರೆಡಿಟ್ ಸಿಗದಿರುವುದು ಹೇಗೆ? ತಿಳಿದವರು ದಯವಿಟ್ಟು ವಿವರಿಸಬೇಕು.

ಭದ್ರಾವತಿಯ ನಿವೃತ್ತ ಅಧೀಕ್ಷಕ

ಮೇಡಂ ಅವರಿಗೆ ನಮಸ್ಕಾರ. ನಾನು ಪರೀಕ್ಷಾ ವಿಭಾಗವೊಂದರಲ್ಲಿ ಬಹಳ ವರ್ಷ ದುಡಿದು ನಿವೃತ್ತನಾದವನು. ನಿಮ್ಮದೇ ಪ್ರಶ್ನೆಯನ್ನು ಹಿಡಿದುಕೊಂಡು ಕೌಂಟರಿನ ಮುಂದೆ ನಿಂತ ನೂರಾರು ಜನರನ್ನು ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರು ಓದಿನಲ್ಲಿ ಹಿಂದೆ ಬಿದ್ದವರಲ್ಲ, ಲೆಕ್ಕವನ್ನು ಕಚೇರಿಗೇ ಬಿಟ್ಟು ನಿಶ್ಚಿಂತರಾಗಿದ್ದವರು.

ಕ್ರೆಡಿಟ್ ಎಂದರೆ ಅಂಕವಲ್ಲ, ಓದಿಗೆ ಕೊಡಬೇಕಾದ ಸಮಯದ ಅಳತೆ. ತರಗತಿಗೆ ಹೋಗಿ ಕಲಿಯುವ ಕಾಲೇಜುಗಳಲ್ಲಿ ವಾರಕ್ಕೆ ಒಂದು ಗಂಟೆಯಂತೆ 15 ವಾರ ಪಾಠ ನಡೆದರೆ 1 ಕ್ರೆಡಿಟ್. ಪ್ರಾಯೋಗಿಕವಾದರೆ ಅದಕ್ಕೇ 30 ಗಂಟೆ ಬೇಕು. ಇಗ್ನೋದಂತಹ ಮುಕ್ತ ವಿಶ್ವವಿದ್ಯಾಲಯದಲ್ಲಿ ಪಾಠ ಓದುವುದು, ಅಸೈನ್‌ಮೆಂಟ್ ಬರೆಯುವುದು, ಸಂಪರ್ಕ ತರಗತಿಗೆ ಹೋಗುವುದು ಎಲ್ಲವೂ ಸೇರಿ 30 ಗಂಟೆಗಳ ಅಧ್ಯಯನವನ್ನು 1 ಕ್ರೆಡಿಟ್ ಎಂದು ಎಣಿಸುತ್ತಾರೆ. 2023ರಲ್ಲಿ ಹೊರಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಕೂಡ ವರ್ಷಕ್ಕೆ 1200 ಕಲಿಕಾ ಗಂಟೆ, ಅದಕ್ಕೆ 40 ಕ್ರೆಡಿಟ್ ಎಂಬ ಲೆಕ್ಕವನ್ನೇ ಹಿಡಿದಿದೆ. ಈ ಅಳತೆಯಲ್ಲಿ ನೋಡಿದರೆ ನಿಮ್ಮ 20 ಕ್ರೆಡಿಟ್ ಎಂದರೆ 600 ಗಂಟೆಗಳ ದುಡಿಮೆ. ಅದರಲ್ಲಿ 180 ಗಂಟೆ ದಾಖಲೆಗೆ ಬಂದಿಲ್ಲವೆಂದರೆ ನಿಮಗೆ ನೋವಾಗುವುದು ಸಹಜ.

ಆದರೆ ಗಂಟೆ ಕಳೆದ ಮಾತ್ರಕ್ಕೆ, ಅಥವಾ ಪರೀಕ್ಷೆಯೊಂದನ್ನು ಪಾಸು ಮಾಡಿದ ಮಾತ್ರಕ್ಕೆ ಕ್ರೆಡಿಟ್ ದಾಖಲಾಗುವುದಿಲ್ಲ. ದೂರಶಿಕ್ಷಣದಲ್ಲಿ ಒಂದು ಪತ್ರಿಕೆಗೆ ಸಾಮಾನ್ಯವಾಗಿ ಎರಡು ಭಾಗಗಳಿರುತ್ತವೆ, ಅಸೈನ್‌ಮೆಂಟ್ ಮತ್ತು ಅವಧಿ ಕೊನೆಯ ಪರೀಕ್ಷೆ. ಎರಡರಲ್ಲೂ ಬೇರೆ ಬೇರೆಯಾಗಿ ತೇರ್ಗಡೆಯಾಗಬೇಕು, ಎರಡರ ಅಂಕವೂ ನಿಮ್ಮ ನೋಂದಣಿ ಸಂಖ್ಯೆಗೆ ಸೇರಬೇಕು. 4 ಕ್ರೆಡಿಟ್‌ನ ಪತ್ರಿಕೆಯಲ್ಲಿ ಪರೀಕ್ಷೆ ಮಾತ್ರ ಆಗಿದ್ದರೆ ಮೂರು ಕ್ರೆಡಿಟ್ ಕೊಡೋಣ ಎಂಬ ಪದ್ಧತಿ ಇಲ್ಲ. ಪೂರ್ತಿ 4, ಇಲ್ಲವಾದರೆ ಸೊನ್ನೆ. 'ಅಪೂರ್ಣ' ಎಂಬ ಪದ ಕಂಡರೆ ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ಸಲ ಅಸೈನ್‌ಮೆಂಟಿನ ಅಂಕ ಅಧ್ಯಯನ ಕೇಂದ್ರದಿಂದ ಮುಖ್ಯ ಕಚೇರಿಗೆ ತಲುಪಿರುವುದಿಲ್ಲ. ನೀವು ಅದನ್ನು ಯಾವಾಗ, ಹೇಗೆ ಕಳುಹಿಸಿದಿರಿ, ಕಳುಹಿಸಿದ್ದಕ್ಕೆ ಏನಾದರೂ ಕಾಗದ ಉಳಿದಿದೆಯೇ ಎಂಬುದನ್ನು ಮೊದಲು ತಿಳಿಸಿ.

ಶಿವಮೊಗ್ಗದ ಬಿ.ಎ. ವಿದ್ಯಾರ್ಥಿನಿ

ಅಕ್ಕಾ, ಅನುವಾದದ ಕೋರ್ಸಿನ ಬಗ್ಗೆ ನನಗೆ ಗೊತ್ತಿರುವುದನ್ನು ಹೇಳುತ್ತೇನೆ. ನಾನೂ ಸ್ವಯಂನಲ್ಲಿ ಎರಡು ಕೋರ್ಸ್ ಮಾಡಿದ್ದೇನೆ. ಅಲ್ಲಿ ಪಾಸಾದರೆ ಪ್ರಮಾಣಪತ್ರ ಸಿಗುತ್ತದೆ, ಆದರೆ ಅದರ ಕ್ರೆಡಿಟ್ಟನ್ನು ನಮ್ಮ ಪದವಿಗೋ ಸರ್ಟಿಫಿಕೇಟಿಗೋ ಸೇರಿಸಿಕೊಳ್ಳಬೇಕಾದವರು ನಾವು ನೋಂದಾಯಿಸಿಕೊಂಡಿರುವ ಸಂಸ್ಥೆಯವರೇ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 40ರವರೆಗೆ ಸ್ವಯಂ ಮೂಲಕ ಮಾಡಲು ಸಂಸ್ಥೆ ಅವಕಾಶ ಕೊಡಬಹುದು. ಸಂಸ್ಥೆಯವರು ಆ ಕೋರ್ಸನ್ನು ಮೊದಲೇ ಒಪ್ಪಿ ತಮ್ಮ ಪಟ್ಟಿಯಲ್ಲಿ ಸೇರಿಸಿರಬೇಕು. ನಾನು ಮೊದಲ ಕೋರ್ಸನ್ನು ಯಾರನ್ನೂ ಕೇಳದೆ ಮಾಡಿದೆ. ಕಲಿತದ್ದು ನನಗೆ ದಕ್ಕಿತು, ಕ್ರೆಡಿಟ್ ದಕ್ಕಲಿಲ್ಲ. ಎರಡನೆಯದಕ್ಕೆ ವಿಭಾಗದ ಮುಖ್ಯಸ್ಥರಿಂದ ಮುಂಚಿತವಾಗಿ ಲಿಖಿತ ಒಪ್ಪಿಗೆ ಪಡೆದಿದ್ದೆ, ಅದು ಅಂಕಪಟ್ಟಿಯಲ್ಲಿ ಬಂದಿತು. ನೀವು ಸೇರುವ ಮೊದಲು ಅನುಮತಿ ಕೇಳಿದ್ದಿರಾ?

ಇನ್ನೊಂದು ವಿಷಯ. ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಎಂಬ ವ್ಯವಸ್ಥೆ 2021ರ ಜುಲೈಯಿಂದ ಇದೆ. ಡಿಜಿಲಾಕರ್ ಮೂಲಕ 12 ಅಂಕಿಗಳ ಗುರುತಿನ ಸಂಖ್ಯೆ ಮಾಡಿಸಿಕೊಂಡರೆ, ವ್ಯವಸ್ಥೆಯಲ್ಲಿ ನೋಂದಾಯಿಸಿಕೊಂಡ ಸಂಸ್ಥೆಗಳಲ್ಲಿ ಗಳಿಸಿದ ಕ್ರೆಡಿಟ್‌ಗಳು ಒಂದೇ ಖಾತೆಯಲ್ಲಿ ಕಾಣುತ್ತವೆ, ಗರಿಷ್ಠ 7 ವರ್ಷ ಅಲ್ಲಿ ಉಳಿಯುತ್ತವೆ. ಹೆಸರಿಗೆ ಬ್ಯಾಂಕ್ ಎಂದಿದ್ದರೂ ನಾವು ಕೌಂಟರಿಗೆ ಹೋಗಿ ಹಣ ಕಟ್ಟಿದಂತೆ ಕ್ರೆಡಿಟ್ ಕಟ್ಟಲು ಬರುವುದಿಲ್ಲ, ಸಂಸ್ಥೆಯೇ ಜಮಾ ಮಾಡಬೇಕು. ನನ್ನ ಗೆಳತಿಯ ಖಾತೆ ಒಂದು ವರ್ಷ ಖಾಲಿಯಾಗಿತ್ತು. ಆಧಾರಿನಲ್ಲಿ ಅಪ್ಪನ ಹೆಸರು ಪೂರ್ತಿಯಾಗಿದ್ದು, ಕಾಲೇಜಿನ ದಾಖಲೆಯಲ್ಲಿ ಇನಿಷಿಯಲ್ ಮಾತ್ರ ಇತ್ತು. ನಿಮ್ಮದನ್ನೂ ಒಮ್ಮೆ ತಾಳೆ ನೋಡಿ ಅಕ್ಕಾ.

ಹೊಸನಗರದ ಅಡಿಕೆ ಬೆಳೆಗಾರ

ಮೇಡಂ, ನಾನೂ ಇಂತಹದ್ದೇ ಕೋರ್ಸ್ ಮಾಡುತ್ತಿರುವವನು. ಹಗಲು ತೋಟ, ರಾತ್ರಿ ಬರವಣಿಗೆ. ನಿಮ್ಮ ಬರಹವನ್ನು ಮೂರು ಸಲ ಓದಿದೆ. ಎಲ್ಲರೂ ಕಾಣೆಯಾದ 6 ಕ್ರೆಡಿಟ್‌ಗಳ ಬಗ್ಗೆಯೇ ಮಾತನಾಡುತ್ತಿದ್ದಾರೆ, ಆದರೆ ನನಗೆ ಅದಕ್ಕಿಂತ ದೊಡ್ಡ ತೊಂದರೆಯೊಂದು ಕಾಣುತ್ತಿದೆ. ತಪ್ಪಾಗಿದ್ದರೆ ಕ್ಷಮಿಸಿ.

ನಾವು ಅಡಿಕೆಯನ್ನು ಶಿವಮೊಗ್ಗದ ಮಂಡಿಗೆ ಹಾಕುವಾಗ ಒಟ್ಟು ಎಷ್ಟು ಚೀಲವೆಂದು ಲೆಕ್ಕ ಕೊಟ್ಟರೆ ಸಾಲದು. ಮೇಲ್ದರ್ಜೆಯ ಸರಕು ಎಷ್ಟು, ಬೆಟ್ಟೆ ಎಷ್ಟು, ರಾಶಿ ಎಷ್ಟು, ಕೆಳದರ್ಜೆಯ ಗೊರಬಲು ಎಷ್ಟು ಎಂದು ಬೇರೆ ಬೇರೆಯಾಗಿ ಆರಿಸಿ ತುಂಬಬೇಕು. ಸರಕು ಕೊಡುತ್ತೇನೆಂದು ಒಪ್ಪಿಕೊಂಡವನು ಅದೇ ತೂಕದ ಗೊರಬಲನ್ನು ತಂದಿಟ್ಟರೆ ಯಾರೂ ಒಪ್ಪುವುದಿಲ್ಲ, ತಕ್ಕಡಿಯಲ್ಲಿ ತೂಕ ಸರಿಯಾಗಿಯೇ ಇದ್ದರೂ. ಕ್ರೆಡಿಟ್‌ಗಳೂ ಹಾಗೆಯೇ. ನನ್ನ ಕೋರ್ಸಿನ ಕೈಪಿಡಿಯಲ್ಲಿ 20ರಲ್ಲಿ 12 ಕಡ್ಡಾಯ, 8 ಐಚ್ಛಿಕ ಎಂದಿದೆ. ಕಡ್ಡಾಯದ 12ರಲ್ಲಿ ಕೊನೆಯ 4 ಕ್ರೆಡಿಟ್ ಯೋಜನಾ ಕೃತಿಯದ್ದು, ಅಂದರೆ ಮಾರ್ಗದರ್ಶಕರ ಒಪ್ಪಿಗೆ ಪಡೆದು ನಾವೇ ಬರೆದು ಒಪ್ಪಿಸಬೇಕಾದ ಕಥಾಗುಚ್ಛವೋ ಕವಿತೆಗಳ ಕಟ್ಟೋ ಆಗಿರುತ್ತದೆ. ನೀವು ಕೊಟ್ಟಿರುವ ಪಟ್ಟಿಯಲ್ಲಿ ಯೋಜನಾ ಕೃತಿ ಕಾಣುತ್ತಿಲ್ಲ. ಮೂಲತತ್ತ್ವಗಳು ಮತ್ತು ಸಣ್ಣಕಥೆ ಕಡ್ಡಾಯವೆಂದು ಹಿಡಿದರೆ ಅಲ್ಲಿಗೆ 8 ಆಯಿತು. ಉಳಿದದ್ದೆಲ್ಲ ಐಚ್ಛಿಕ. ಕೈಪಿಡಿಯ ಹಿಂಭಾಗದಲ್ಲಿ ನಿಯಮಗಳಿರುವ ಪುಟವನ್ನು ಇಂದೇ ತೆರೆದು ನೋಡಿ.

ತೀರ್ಥಹಳ್ಳಿಯ ಶಿಕ್ಷಕಿ

ನೋಡಿದೆ. ನೀವು ಹೇಳಿದಂತೆಯೇ ಇದೆ. ಕಡ್ಡಾಯ 12, ಐಚ್ಛಿಕ 8, ಯೋಜನಾ ಕೃತಿ ಕಡ್ಡಾಯದಲ್ಲಿ ಸೇರಿದೆ. ಕೈಪಿಡಿ ಕೈಗೆ ಬಂದ ವಾರದಲ್ಲಿ ಪಠ್ಯದ ಪುಟಗಳನ್ನು ಅಡಿಗೆರೆ ಹಾಕಿ ಓದಿದ್ದ ನಾನು ಆ ಪುಟವನ್ನು ತಿರುಗಿಸಿಯೂ ನೋಡಿರಲಿಲ್ಲ. ಯೋಜನಾ ಕೃತಿ ಎಂಬುದು ಡಿಪ್ಲೊಮಾ ಮಾಡುವವರಿಗೆ ಮಾತ್ರವೆಂದು ಸಂಪರ್ಕ ತರಗತಿಯಲ್ಲಿ ಯಾರೋ ಹೇಳಿದ್ದನ್ನೇ ನಂಬಿದ್ದೆ. ಮಕ್ಕಳಿಗೆ ದಿನವೂ 'ಪ್ರಶ್ನೆಪತ್ರಿಕೆಯ ಮೇಲಿನ ಸೂಚನೆಯನ್ನು ಮೊದಲು ಓದಿ' ಎಂದು ಹೇಳುವವಳು ನಾನು. ಈಗ ತುಂಬಾ ಸಂಕಟವಾಗುತ್ತಿದೆ.

ಸ್ವಯಂ ಕೋರ್ಸಿಗೆ ಮೊದಲು ಅನುಮತಿ ಕೇಳಿರಲಿಲ್ಲ. ಆಕಾಶವಾಣಿ ಪತ್ರಿಕೆಯ ಅಸೈನ್‌ಮೆಂಟನ್ನು 2024ರ ಜುಲೈಯಲ್ಲಿ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದ್ದೆ. ರಸೀದಿ ಎಲ್ಲೋ ಇರಬೇಕು, ಹುಡುಕುತ್ತೇನೆ.

ಭದ್ರಾವತಿಯ ನಿವೃತ್ತ ಅಧೀಕ್ಷಕ

ಹೊಸನಗರದವರು ಸರಿಯಾದ ಜಾಗದಲ್ಲಿ ಬೆರಳಿಟ್ಟಿದ್ದಾರೆ. ಪರೀಕ್ಷಾ ವಿಭಾಗದಲ್ಲಿದ್ದ ನನಗೇ ಅದು ಮೊದಲು ಹೊಳೆಯಲಿಲ್ಲ.

ಮೇಡಂ, ಈಗ ಲೆಕ್ಕವನ್ನು ಮತ್ತೆ ಹಾಕೋಣ. ಕಡ್ಡಾಯದಲ್ಲಿ 8 ದಾಖಲಾಗಿದೆ, ಯೋಜನಾ ಕೃತಿಯ 4 ಬಾಕಿ. ಐಚ್ಛಿಕದಲ್ಲಿ ಕಾವ್ಯ 4, ಮಕ್ಕಳ ಸಾಹಿತ್ಯ 2 ಸೇರಿ 6 ದಾಖಲಾಗಿದೆ, ಬೇಕಾದದ್ದು 8. ಆದ್ದರಿಂದ ಐಚ್ಛಿಕದಲ್ಲಿ ನಿಮಗೆ ಕೊರತೆಯಿರುವುದು 2 ಕ್ರೆಡಿಟ್ ಮಾತ್ರ, 6 ಅಲ್ಲ. ಅನುವಾದದ 2 ಬಂದರೂ ಅದು ತುಂಬುತ್ತದೆ, ಆಕಾಶವಾಣಿಯ 4 ಬಂದರೂ ತುಂಬಿ 2 ಮಿಗುತ್ತದೆ. ಎರಡರ ಹಿಂದೆಯೂ ಓಡಾಡುವ ಅಗತ್ಯವಿಲ್ಲ. ಅನುಮತಿ ಪಡೆಯದೆ ಮಾಡಿದ ಕೋರ್ಸನ್ನು ಆಮೇಲೆ ಒಪ್ಪಿಸುವುದು ಬಲು ಕಷ್ಟ, ಅದನ್ನು ಬಿಟ್ಟುಬಿಡಿ. ಕಳುಹಿಸಿದ್ದ ಅಸೈನ್‌ಮೆಂಟಿಗೆ ಪುರಾವೆಯಿದ್ದರೆ ಅದು ನಿಮ್ಮ ಹಕ್ಕು, ಅದನ್ನು ಹಿಡಿದುಕೊಳ್ಳಿ. ನಿಮ್ಮ ಸಮಯದ ದೊಡ್ಡ ಪಾಲನ್ನು ಯೋಜನಾ ಕೃತಿಗೆ ಮೀಸಲಿಡಿ, ಏಕೆಂದರೆ ಅದರ ಪ್ರಸ್ತಾವನೆಗೆ ಒಪ್ಪಿಗೆ ಸಿಗದೆ ಬರೆದ ಒಂದು ಸಾಲಿಗೂ ಕ್ರೆಡಿಟ್ ಇರುವುದಿಲ್ಲ.

ಪತ್ರ ಬರೆಯುವ ಬಗೆಯನ್ನೂ ಹೇಳಿಬಿಡುತ್ತೇನೆ. 'ನನಗೆ ಅನ್ಯಾಯವಾಗಿದೆ' ಎಂದು ಆರಂಭಿಸಿದ ಪತ್ರಗಳು ಮೇಜಿನಿಂದ ಮೇಜಿಗೆ ಸುತ್ತುತ್ತವೆ, ಏಕೆಂದರೆ ಯಾರು ಏನು ಮಾಡಬೇಕೆಂಬುದು ಅವುಗಳಲ್ಲಿ ಇರುವುದಿಲ್ಲ. ನೋಂದಣಿ ಸಂಖ್ಯೆ, ಪತ್ರಿಕೆಯ ಸಂಕೇತ, ಪರೀಕ್ಷೆ ಬರೆದ ತಿಂಗಳು, ಅಸೈನ್‌ಮೆಂಟ್ ಕಳುಹಿಸಿದ ದಿನಾಂಕ, ಅಂಚೆಯ ಸಂಖ್ಯೆ ಇಷ್ಟನ್ನು ಮೊದಲ ನಾಲ್ಕು ಸಾಲಿನಲ್ಲೇ ಬರೆಯಿರಿ. ಅಧ್ಯಯನ ಕೇಂದ್ರದ ಸಂಯೋಜಕರಿಗೆ ಒಂದು, ವಿದ್ಯಾರ್ಥಿ ಮೌಲ್ಯಮಾಪನ ವಿಭಾಗಕ್ಕೆ ಒಂದು ಪ್ರತಿ ಕಳುಹಿಸಿ. ಒಂದು ಪತ್ರದಲ್ಲಿ ಒಂದೇ ಬೇಡಿಕೆ ಇರಲಿ. ತಿಂಗಳಾದರೂ ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 'ನನ್ನ ಅಸೈನ್‌ಮೆಂಟ್ ಸ್ವೀಕೃತಿ ವಹಿಯಲ್ಲಿ ಯಾವ ದಿನ ನಮೂದಾಗಿದೆ' ಎಂದು ಕೇಳಬಹುದು. ಸರ್ಕಾರಿ ವಿಶ್ವವಿದ್ಯಾಲಯವಾದರೆ 30 ದಿನಗಳೊಳಗೆ ಉತ್ತರಿಸಬೇಕಾಗುತ್ತದೆ.

ಹೆಗ್ಗೋಡಿನ ಸಮೀಪದ ಓದುಗ

ಯೋಜನಾ ಕೃತಿಯ ವಿಷಯಕ್ಕೆ ಒಂದು ಮಾತು. ನಾನು ನೀನಾಸಂನ ಸಂಸ್ಕೃತಿ ಶಿಬಿರಗಳಲ್ಲಿ, ಬೇರೆ ಬೇರೆ ಕಥಾ ಕಮ್ಮಟಗಳಲ್ಲಿ ಕುಳಿತು ಕಲಿತವನು. ನನ್ನ ಬರವಣಿಗೆಯನ್ನು ತಿದ್ದಿದ್ದು ಆ ಮಾತುಕತೆಗಳೇ, ಅವುಗಳಿಗೆ ಯಾವ ಕ್ರೆಡಿಟ್ಟೂ ಇರಲಿಲ್ಲ. ಅದನ್ನು ಸರ್ಟಿಫಿಕೇಟಿನ ಲೆಕ್ಕಕ್ಕೆ ಸೇರಿಸಿ ಎಂದು ಒಮ್ಮೆ ಅರ್ಜಿ ಕೊಟ್ಟಿದ್ದೆ. ಮೌಲ್ಯಮಾಪನ ನಡೆಯದ ಕಲಿಕೆಗೆ ಕ್ರೆಡಿಟ್ ಕೊಡಲಾಗದು ಎಂಬ ಉತ್ತರ ಬಂದಿತು. ಈಗ ಯೋಚಿಸಿದರೆ ಆ ಉತ್ತರ ಸರಿಯಾಗಿಯೇ ಇತ್ತು ಎನಿಸುತ್ತದೆ.

ಆದರೆ ಕಮ್ಮಟದಲ್ಲಿ ಕಲಿತದ್ದು ಯೋಜನಾ ಕೃತಿಯಲ್ಲಿ ಕೈಹಿಡಿಯಿತು. ಕಥೆಯ ಪ್ರತಿಯೊಂದು ಕರಡನ್ನೂ ದಿನಾಂಕ ಹಾಕಿ ಇಟ್ಟುಕೊಂಡಿದ್ದೆ. ಮೊದಲ ಕರಡಿನಲ್ಲಿ ಅಜ್ಜಿ ಮಾತನಾಡುತ್ತಿದ್ದಳು, ಮೂರನೆಯದರಲ್ಲಿ ಅಜ್ಜಿ ಸುಮ್ಮನಾಗಿ ಒಲೆಯ ಉರಿ ಮಾತ್ರ ಉಳಿದಿತ್ತು. ಮೌಖಿಕ ಪರೀಕ್ಷೆಯಲ್ಲಿ ಆ ಎರಡು ಕರಡುಗಳನ್ನು ಅಕ್ಕಪಕ್ಕ ಇಟ್ಟು ಏಕೆ ಬದಲಿಸಿದೆ ಎಂದು ವಿವರಿಸಿದೆ. 4 ಕ್ರೆಡಿಟ್ ಎಂದರೆ 120 ಗಂಟೆ. ಅದರಲ್ಲಿ ಮೊದಲ ಬರವಣಿಗೆಗೆ 40 ಗಂಟೆ ಸಾಕು, ತಿದ್ದುವುದಕ್ಕೆ 80 ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ.

ಹೊರದೇಶದಲ್ಲಿರುವ ಸಾಗರದವಳು

ಹೊರದೇಶದ ಆನ್‌ಲೈನ್ ಕೋರ್ಸುಗಳಿಗೆ ಸೇರುವ ಆಲೋಚನೆಯಿರುವವರಿಗೆ ಒಂದು ಎಚ್ಚರಿಕೆ. ಕ್ರೆಡಿಟ್ ಎಂಬ ಪದ ಒಂದೇ ಆದರೂ ಅಳತೆ ಒಂದೇ ಅಲ್ಲ. ಬ್ರಿಟನ್ನಿನಲ್ಲಿ 1 ಕ್ರೆಡಿಟ್ ಎಂದರೆ 10 ಗಂಟೆಗಳ ಕಲಿಕೆ, ಯುರೋಪಿನ ಪದ್ಧತಿಯಲ್ಲಿ 25ರಿಂದ 30 ಗಂಟೆ. ಅಮೆರಿಕದಲ್ಲಿ ಕೆಲವು ವಿಶ್ವವಿದ್ಯಾಲಯಗಳು ಸೆಮಿಸ್ಟರ್ ಪದ್ಧತಿಯವು, ಕೆಲವು ಕ್ವಾರ್ಟರ್ ಪದ್ಧತಿಯವು. ಕ್ವಾರ್ಟರಿನ 6 ಕ್ರೆಡಿಟ್ ಸೆಮಿಸ್ಟರಿನ 4ಕ್ಕೆ ಸಮ. ಅಲ್ಲದೆ ಮುಂದುವರಿಕೆ ಶಿಕ್ಷಣ ವಿಭಾಗಗಳು ನಡೆಸುವ ಎಷ್ಟೋ ಬರವಣಿಗೆ ತರಗತಿಗಳು ಪದವಿಗೆ ಸೇರುವ ಕ್ರೆಡಿಟ್ಟನ್ನು ಕೊಡುವುದೇ ಇಲ್ಲ. ಶುಲ್ಕ ಕಟ್ಟುವ ಮೊದಲು ಇದನ್ನು ಕೇಳಿ ತಿಳಿಯಿರಿ.

ಶಿವಮೊಗ್ಗದ ಬಿ.ಎ. ವಿದ್ಯಾರ್ಥಿನಿ

ಅಕ್ಕಾ, ಮಿಗುವ 2 ಕ್ರೆಡಿಟ್‌ಗಳ ಬಗ್ಗೆ ಒಂದು ಸಣ್ಣ ವಿಷಯ. ನಿಮ್ಮಲ್ಲಿ 10ರ ಶ್ರೇಣಿ ಪದ್ಧತಿ ಇದ್ದರೆ ಸರಾಸರಿಗೂ ಕ್ರೆಡಿಟ್‌ಗೂ ಸಂಬಂಧವಿದೆ. ಪ್ರತಿ ಪತ್ರಿಕೆಯ ಶ್ರೇಣಿ ಅಂಕವನ್ನು ಅದರ ಕ್ರೆಡಿಟ್‌ನಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸುತ್ತಾರೆ. ಉದಾಹರಣೆಗೆ ಮೂರು 4 ಕ್ರೆಡಿಟ್ ಪತ್ರಿಕೆಗಳಲ್ಲಿ 8, 7, 9 ಬಂದು, ಮಕ್ಕಳ ಸಾಹಿತ್ಯದ 2 ಕ್ರೆಡಿಟ್‌ನಲ್ಲಿ 6 ಬಂದಿದ್ದರೆ 32, 28, 36, 12 ಸೇರಿ 108 ಆಗುತ್ತದೆ. ಅದನ್ನು 14ರಿಂದ ಭಾಗಿಸಿದರೆ 7.71. ಮಕ್ಕಳ ಸಾಹಿತ್ಯವನ್ನು ಹೊರಗಿಟ್ಟರೆ 96ನ್ನು 12ರಿಂದ ಭಾಗಿಸಿ 8 ಬರುತ್ತದೆ. ಹೆಚ್ಚುವರಿ ಪತ್ರಿಕೆಯನ್ನು ಸರಾಸರಿಯಿಂದ ಬಿಡಲು ನಿಮ್ಮ ಸಂಸ್ಥೆಯ ನಿಯಮ ಒಪ್ಪುತ್ತದೆಯೇ ಎಂದು ವಿಚಾರಿಸಿ. ಪದವಿಯಲ್ಲಿ ನಿಯಮ ಬದಲಾಗುತ್ತಿರುವುದರಿಂದ ನಾವು ತುಂಬಾ ಗೊಂದಲಕ್ಕೆ ಬಿದ್ದಿದ್ದೇವೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂದಿತು, 2024-25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಪದವಿ ಆಯಿತು. ಅಣ್ಣನ ಅಂಕಪಟ್ಟಿ ನೋಡಿ ತಂಗಿ ಲೆಕ್ಕ ಹಾಕುವಂತಿಲ್ಲ.

ತೀರ್ಥಹಳ್ಳಿಯ ಶಿಕ್ಷಕಿ

ಎರಡು ವಾರಗಳ ನಂತರ ಬರೆಯುತ್ತಿದ್ದೇನೆ, ತಡವಾದುದಕ್ಕೆ ಕ್ಷಮೆಯಿರಲಿ.

ಅಂಚೆಯ ರಸೀದಿ ಸಿಕ್ಕಿತು. 2024ರ ಡೈರಿಯ ಹೊದಿಕೆಯೊಳಗೆ ಮಡಿಸಿಟ್ಟಿದ್ದೆ. ಆ ಮಳೆಗಾಲದ ತೇವಕ್ಕೆ ಡೈರಿಯ ಹಾಳೆಗಳೆಲ್ಲ ಉಬ್ಬಿ ಅಂಚಿನಲ್ಲಿ ಬೂಸ್ಟು ಹಿಡಿದಿತ್ತು, ರಸೀದಿಯ ಮುದ್ರಣ ಬಹುತೇಕ ಮಾಸಿ ಬಿಳಿಯಾಗಿತ್ತು. ಆದರೆ ಅದರ ಹಿಂದೆಯೇ ಕಚೇರಿಯಿಂದ ಮರಳಿ ಬಂದಿದ್ದ ಸ್ವೀಕೃತಿ ಕಾರ್ಡು ಅಂಟಿಕೊಂಡಿತ್ತು. ನಿಧಾನವಾಗಿ ಬಿಡಿಸಿ ನೋಡಿದರೆ ಅಧ್ಯಯನ ಕೇಂದ್ರದ ನೇರಳೆ ಮೊಹರು, ಯಾರದೋ ಕಿರುಸಹಿ, ದಿನಾಂಕ ಮೂರೂ ಸ್ಪಷ್ಟವಾಗಿವೆ. ಅದನ್ನು ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೆಯೇ ಕುಳಿತಿದ್ದೆ. ಅದೇ ದಿನ ಪೇಟೆಗೆ ಹೋಗಿ ನಾಲ್ಕು ಜೆರಾಕ್ಸ್ ಮಾಡಿಸಿದೆ.

ಅಧೀಕ್ಷಕ ಸರ್ ಹೇಳಿದ ಕ್ರಮದಲ್ಲೇ ಎರಡು ಪತ್ರ ಬರೆದು ಕಳುಹಿಸಿದ್ದೇನೆ. ಸಂಯೋಜಕರು ದೂರವಾಣಿಯಲ್ಲಿ ಮಾತನಾಡಿ, ಆ ವರ್ಷದ ಒಂದು ಕಟ್ಟು ಮುಖ್ಯ ಕಚೇರಿಗೆ ಹೋಗದೆ ಉಳಿದಿರುವ ಸಾಧ್ಯತೆಯಿದೆ, ಹುಡುಕಿಸುತ್ತೇನೆ ಎಂದಿದ್ದಾರೆ. ಅಂಕ ಇನ್ನೂ ದಾಖಲೆಗೆ ಏರಿಲ್ಲ.

ಹೊಸನಗರದವರ ಮಾತಿನಂತೆ ಒಂದು ಲಾಂಗ್ ಬುಕ್ಕಿನಲ್ಲಿ ಲೆಕ್ಕ ಬರೆದಿದ್ದೇನೆ. ಎಡಪುಟ ಕಡ್ಡಾಯಕ್ಕೆ, ಬಲಪುಟ ಐಚ್ಛಿಕಕ್ಕೆ. ಪ್ರತಿ ಪತ್ರಿಕೆಗೂ ಅಸೈನ್‌ಮೆಂಟ್ ಕೊಟ್ಟ ದಿನ, ಅದರ ಅಂಕ ಏರಿದ ದಿನ, ಪರೀಕ್ಷೆ ಬರೆದ ದಿನ, ಫಲಿತಾಂಶ ಬಂದ ದಿನ, ಕ್ರೆಡಿಟ್ ದಾಖಲೆಯಲ್ಲಿ ಕಂಡ ದಿನ ಎಂದು ಐದು ಅಂಕಣಗಳಿವೆ. ಕೊನೆಯ ಅಂಕಣ ತುಂಬುವ ತನಕ ಕ್ರೆಡಿಟ್ಟನ್ನು ಪೆನ್ಸಿಲಿನಲ್ಲಿ ಬರೆಯುತ್ತೇನೆ, ತುಂಬಿದ ಮೇಲೆ ಶಾಯಿಯಲ್ಲಿ. ಈಗ ಶಾಯಿಯಲ್ಲಿ 14, ಪೆನ್ಸಿಲಿನಲ್ಲಿ 4 ಇವೆ. ಮೊದಲ ದಿನವೇ ಹೀಗೆ ಬರೆದಿಟ್ಟಿದ್ದರೆ ಎಡಪುಟದ ಖಾಲಿ ಸಾಲು ಎರಡು ವರ್ಷದ ಹಿಂದೆಯೇ ನನ್ನ ಕಣ್ಣಿಗೆ ಬೀಳುತ್ತಿತ್ತು.

ಯೋಜನಾ ಕೃತಿಗೆ ಐದು ಕಥೆಗಳ ಪ್ರಸ್ತಾವನೆ ಸಿದ್ಧಪಡಿಸಿದ್ದೇನೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಶರಾವತಿ ಕಣಿವೆಯಿಂದ ಎದ್ದುಬಂದ ಕುಟುಂಬಗಳಲ್ಲಿ ನನ್ನ ಅತ್ತೆಯವರದ್ದೂ ಒಂದು. ಮುಳುಗಡೆಯ ಮೊದಲು ಬಾಗಿಲುವಾಡವನ್ನು ಕಿತ್ತು ಎತ್ತಿನಗಾಡಿಯಲ್ಲಿ ಹೇರಿಕೊಂಡು ಬಂದ ದಿನವನ್ನು ಅವರು ಈಗಲೂ ಹೇಳುತ್ತಾರೆ. ಆ ಬಾಗಿಲುವಾಡ ನಮ್ಮ ಮನೆಯಲ್ಲಿಯೇ ಇದೆ, ಮೊದಲ ಕಥೆ ಅದರದ್ದು. ಮಾರ್ಗದರ್ಶಕರು ಮೂರು ಪುಟಗಳ ಸಾರಾಂಶ ಕೇಳಿದ್ದಾರೆ. ಒಪ್ಪಿಗೆ ಬರುವ ಮೊದಲೇ ಮೊದಲ ಕಥೆಯ ಕರಡು ಆರಂಭಿಸಬಹುದೇ ಎಂಬುದೊಂದು ಸಂದೇಹ ಉಳಿದಿದೆ.

ಭದ್ರಾವತಿಯ ನಿವೃತ್ತ ಅಧೀಕ್ಷಕ

ಕರಡು ಆರಂಭಿಸಿ ಮೇಡಂ, ಅದನ್ನು ಯಾವ ನಿಯಮವೂ ತಡೆಯುವುದಿಲ್ಲ. ಆದರೆ ಒಪ್ಪಿಗೆಯ ಪತ್ರದ ದಿನಾಂಕಕ್ಕಿಂತ ಮುಂಚಿನ ದಿನಾಂಕವಿರುವ ಯಾವುದನ್ನೂ ಅಂತಿಮ ಕೃತಿಯಾಗಿ ಒಪ್ಪಿಸಬೇಡಿ. ಒಪ್ಪಿಗೆ ಪತ್ರದ ಮೂಲಪ್ರತಿಯನ್ನು ಕೃತಿಯ ಮೊದಲ ಪುಟವಾಗಿ ಹೊಲಿಸಬೇಕಾಗಬಹುದು, ಅದಕ್ಕಾಗಿ ಎರಡು ಮೂಲಪ್ರತಿ ಕೇಳಿ ಪಡೆಯಿರಿ. ಸಾರಾಂಶವನ್ನು ಕೈಯಾರೆ ಕೊಡುವುದಾದರೆ ನಿಮ್ಮ ಪ್ರತಿಯ ಮೇಲೆ ಒಳಬರುವ ಸಂಖ್ಯೆ ಮತ್ತು ಮೊಹರು ಹಾಕಿಸಿಕೊಳ್ಳದೆ ಕೌಂಟರಿನಿಂದ ಕದಲಬೇಡಿ.

ತೀರ್ಥಹಳ್ಳಿಯ ಶಿಕ್ಷಕಿ

ಹಾಗೆಯೇ ಮಾಡುತ್ತೇನೆ ಸರ್. ಸೋಮವಾರ ಶಾಲೆಗೆ ಅರ್ಧ ದಿನ ರಜೆ ಹಾಕಿದ್ದೇನೆ, ನಾನೇ ಹೋಗಿ ಕೊಟ್ಟು ಬರುತ್ತೇನೆ.